ಐದಡಿ ಕೆಳಗಿನ ಸದ್ದು

ಮಾರ್ಚ್ 4, ಬೆಳಿಗ್ಗೆ 6.20
ಬಡಾವಣೆಗಳಿಗೆ ನೀರು ಬಿಡುವ ಮೂರು ವಾಲ್ವ್ ತೆರೆದು ಬಂದೆ. ಎರಡನೆಯದು ಇನ್ನೂ ಬಿಗಿ. ಭುಜ ನೋವು. ಹತ್ತಕ್ಕೆ ಆಫೀಸಿಗೆ ಹೋಗಬೇಕು, ನಮ್ಮ ಇಲಾಖೆಯ ಲಾಯರ್ ಕರೆದಿದ್ದಾರಂತೆ. ನನ್ನನ್ನೇಕೆ?

ಅದೇ ದಿನ, ಸಂಜೆ
ವಿಷಯ ಇದು. ಹಳೆ ಗೋದಾಮಿನ ಜಾಗದಲ್ಲಿ ಬಿಲ್ಡರ್ ಅಪಾರ್ಟ್‌ಮೆಂಟ್ ಎಬ್ಬಿಸಲಿದ್ದಾನೆ. ನಮ್ಮ ದೊಡ್ಡ ನೀರಿನ ಪೈಪ್ ಅದರಡಿಯೇ ಹೋಗುತ್ತದೆ. ಪೈಪಿನ ಮೇಲೆ ಕಟ್ಟುವಂತಿಲ್ಲ. ಅದು ರಸ್ತೆ ಕೆಳಗಿದೆ, ನನ್ನ ಜಾಗದಲ್ಲಿಲ್ಲ ಎಂದು ಅವನು ಕೋರ್ಟಿಗೆ ಹೋಗಿದ್ದಾನೆ. ನಮ್ಮ ನಕ್ಷೆ ಗೆದ್ದಲ ಪಾಲು. ಸೋತರೆ ಅಡಿಪಾಯ ತೋಡುವಾಗ ಪೈಪ್ ಒಡೆಯುತ್ತದೆ. ಮೂರು ಬಡಾವಣೆ, ಒಂದು ಆಸ್ಪತ್ರೆಗೆ ನೀರಿಲ್ಲ.
"ಪೈಪ್ ಎಲ್ಲಿದೆ ಅಂತ ಗೊತ್ತಾ ನಿಮ್ಗೆ?" ಲಾಯರ್ ಕೇಳಿದರು.
"ಗೊತ್ತು. ಹತ್ತೊಂಬತ್ತು ವರ್ಷದಿಂದ ಅದರ ಸದ್ದು ಕೇಳ್ತಿದೀನಿ."
ಪೆನ್ನೆತ್ತಿ ಸಾಕ್ಷಿಗಳ ಪಟ್ಟಿಗೆ ನನ್ನ ಹೆಸರು ಸೇರಿಸಿದರು.

ಮಾರ್ಚ್ 19
ಕಟಕಟೆ ಹತ್ತಿದೆ. ಸಲಾಕೆ ನೆಲಕ್ಕೂರಿ, ತುದಿಗೆ ಕಿವಿಯಿಟ್ಟು ನೀರಿನ ಸದ್ದು ಕೇಳುವ ಬಗೆ ಹೇಳಿದೆ. ಬಿಲ್ಡರ್ ಕಡೆಯ ಲಾಯರ್ — "ಕಬ್ಬಿಣದ ಸಲಾಕೆ ಕಿವಿಗಿಟ್ಕೊಂಡು ಪೈಪ್ ಹುಡುಕ್ತೀರಾ? ಡಾಕ್ಟರಾ ನೀವು?" ಎಲ್ಲರೂ ನಕ್ಕರು.
"ಅಲ್ಲ ಸರ್. ವಾಲ್ವ್ ಆಪರೇಟರ್. ಅಗೆಸಿ ನೋಡಿ."
ಜಡ್ಜ್ ಮಾತ್ರ ನಗಲಿಲ್ಲ. ಸ್ಥಳದಲ್ಲೇ ಅಗೆಸಿ ನೋಡಲು ಕೋರ್ಟಿನ ಪರವಾಗಿ ಒಬ್ಬ ಕಮಿಷನರನ್ನು ನೇಮಿಸಿದರು.
ಮನೆಯಲ್ಲಿ ಗಂಡ — "ನೆಲದೊಳಗಿನ ನೀರು ಕೇಳ್ಸತ್ತೆ, ನಾನು ಟೀ ಕೇಳಿದ್ರೆ ಮಾತ್ರ ಕೇಳ್ಸಲ್ಲ!"

ಏಪ್ರಿಲ್ 11, ಮಧ್ಯಾಹ್ನ
ಇದನ್ನು ಬರೆಯಲೇಬೇಕು.
ಗೋದಾಮಿನ ಜಾಗಕ್ಕೆ ನೀರು ಬರುವ ಕಡೆಯ ವಾಲ್ವನ್ನು ಅರ್ಧ ಮುಚ್ಚಿಸಿದೆ — ಆಗ ನೀರು ಗುನುಗುತ್ತದೆ. ಸಲಾಕೆ ಊರಿ, ಕಿವಿಯಿಟ್ಟು, ಹೆಜ್ಜೆ ಹೆಜ್ಜೆ ನಡೆದೆ. ಎಲ್ಲರ ಬಾಯಿ ಮುಚ್ಚಿಸಿದೆ, ಕಮಿಷನರದ್ದೂ! ಕೊನೆಗೆ ಸಿಕ್ಕಿತು. ಬಿಲ್ಡರ್ ಜಾಗದೊಳಗೇ ಸುಣ್ಣದಲ್ಲಿ ಗೆರೆ ಎಳೆದೆ.
ಅಗೆತ ಶುರು. ಮೂರಡಿ — ಬರೀ ಮಣ್ಣು. ನಾಲ್ಕಡಿ — ಕಲ್ಲು. ಬಿಲ್ಡರ್ ವಾಚ್ ನೋಡಿಕೊಂಡ. ಇನ್ನೂ ಅಗೆಯಿರಿ ಎಂದೆ. ಐದಡಿಗೆ ಪಿಕಾಸಿ ಠಣ್ಣೆಂದಿತು. ಗೆರೆಯ ನಟ್ಟನಡುವೆ. ನಮ್ಮ ಲಾಯರ್ ಚಪ್ಪಾಳೆ ತಟ್ಟಲು ಹೋಗಿ, ಕೋಟು ಸರಿಮಾಡಿಕೊಂಡರು.

ಜೂನ್ 2
ಗೆದ್ದೆವು. ಪೈಪಿನ ಎರಡೂ ಬದಿ ಹತ್ತಡಿ ಯಾರೂ ಕಟ್ಟುವಂತಿಲ್ಲ. ತೀರ್ಪಿನ ಹನ್ನೊಂದನೇ ಪುಟ — "ಎರಡನೇ ಸಾಕ್ಷಿಯ ಅನುಭವ ಯಾವ ನಕ್ಷೆಗೂ ಕಡಿಮೆಯಲ್ಲ." ಅತ್ತೆ ಮೂರು ಸಲ ಓದಿಸಿದರು.
"ಎರಡನೇ ಸಾಕ್ಷಿ ಅಂದ್ರೆ ನೀನೇ ತಾನೆ?"
"ನಾನೇ ಅತ್ತೆ."
"ಹೆಸರು ಹಾಕೋಕೆ ಏನು ರೋಗ ಅವ್ರಿಗೆ?"
ಸ್ನಾನದ ಮನೆಗೆ ಹೋಗಿ ಅತ್ತುಬಿಟ್ಟೆ. ಖುಷಿಗೆ.

ಜೂನ್ 9, ಬೆಳಿಗ್ಗೆ 7
ಪಕ್ಕದ ಊರಿನ ನೀರು ಸರಬರಾಜಿನವರು ಜೀಪ್ ಕಳಿಸಿದ್ದಾರೆ. ಅವರಿಗೂ ಇಂಥದ್ದೇ ಕೇಸಂತೆ. ಮುಂದಿನ ಸೀಟು ನನಗೆ! ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಹೊಡೆಯಲಿ ಬಿಡು, ಇದೊಂದು ಸಾಲು ಬರೆದೇ ಹೊರಡುವುದು.