ಏಳನೆಯ ಕಂಬ

ಸುಗಿನೋಸಾವಾ
ನವೆಂಬರ್ ಒಂಬತ್ತು

ಪ್ರೀತಿಯ ಮಗಳು ಚಿಗುಸಾಳಿಗೆ,

ಹೊಕ್ಕೈದೋದಲ್ಲಿ ಆಗಲೇ ಹಿಮ ಬಿದ್ದಿರಬೇಕು. ಉಳಿ ಹಿಡಿಯುವ ಬೆರಳು ಬಿರಿಯುತ್ತಿವೆಯೇ? ಕುದುರೆ ಎಣ್ಣೆ ಹಚ್ಚಿಕೋ. ಬಿಸಿ ಮಿಸೊ ಸಾರು ಬಿಡಬೇಡ. ನನ್ನ ಮಂಡಿ ಹಾಗೇ ಇದೆ. ಬುದ್ಧನ ಮುಂದೆ ಕೂತರೆ ಏಳಲು ಗೋಡೆ ಬೇಕು.

ಇದೇ ಇಪ್ಪತ್ನಾಲ್ಕಕ್ಕೆ ಅಪ್ಪ ತೀರಿಹೋಗಿ ನಲವತ್ತೊಂಬತ್ತನೆಯ ದಿನ. ಅಂದು ಅಸ್ಥಿಯನ್ನು ಸಮಾಧಿಯಲ್ಲಿಡುತ್ತೇವೆ. ಅಂತ್ಯಕ್ರಿಯೆಗೆ ಬಂದವಳು ಹೊಸಿಲಲ್ಲೇ ನಿಂತು, "ಕಾಯಿಲೆ ಅಂತ ಒಂದು ಮಾತು ಯಾಕಮ್ಮಾ ತಿಳಿಸ್ಲಿಲ್ಲ?" ಎಂದು ಕೇಳಿದೆ. ನಾನು ಬಂದವರಿಗೆ ಚಹಾ ಕೊಡಲು ಎದ್ದು ಹೋದೆ. ನೀನು ಸಂಜೆಯ ರೈಲಿಗೇ ಹೊರಟುಬಿಟ್ಟೆ.

ದಿನಾ ಬುದ್ಧನಿಗೆ ಅನ್ನ ಇಟ್ಟು, ಧೂಪ ಹಚ್ಚಿ, ಮಧ್ಯಾಹ್ನ ನೀನೂ ಅಪ್ಪನೂ ಕಟ್ಟಿದ ಮ್ಯೂಸಿಯಮ್ಮಿಗೆ ಹೋಗಿ ಕೂರುತ್ತೇನೆ. ಸೂರಿನ ದೇವದಾರು ಪಟ್ಟಿಗಳ ಸಂದಿನಿಂದ ಬೆಳಕು ಜರಡಿ ಹಿಡಿದ ಹಾಗೆ ಇಳಿಯುತ್ತದೆ. ಬಂದವರು ಕಾಡಿನೊಳಗೆ ನಿಂತಂತಿದೆ ಎಂದು ದನಿ ತಗ್ಗಿಸುತ್ತಾರೆ. ಮೂರು ಗಂಟೆಗೆ ಆ ಬೆಳಕು ಓರೆಯಾಗಿ ಏಳನೆಯ ಕಂಬಕ್ಕೆ ತಾಕಿದಾಗ ನನಗೆ ಗಂಟುಗಳು ಮಾತ್ರ ಕಾಣುತ್ತವೆ. ಕೊಂಬೆ ಮೂಡಿದ್ದ ಗಂಟುಗಳೆಲ್ಲ ನೆಲ ನೋಡುತ್ತಿವೆ.

ಮೂರು ವರ್ಷದ ಹಿಂದೆ, ಉದ್ಘಾಟನೆಗೆ ಎರಡು ದಿನ ಇರುವಾಗ, ಇದೇ ಬೆಳಕಿನಲ್ಲಿ ಕಂಬ ತಲೆಕೆಳಗಾಗಿ ನಿಂತಿರುವುದು ಅಪ್ಪನ ಕಣ್ಣಿಗೆ ಬಿತ್ತು. ಅಷ್ಟು ಹೊತ್ತಿಗೆ ಮಾಡಿನ ಭಾರವೆಲ್ಲ ಕಂಬದ ಮೇಲೆ. ಅಪ್ಪನ ಕೈಕೆಳಗಿನ ಬಡಗಿ, ಮುದುಕ ಹಿರಾಯಿ, "ಯಜಮಾನ್ರೇ, ಮರ ಲಾಗ ಹಾಕಿದೆ ಬಿಡಿ, ಜನ ಅದನ್ನೂ ನೋಡೋಕ್ ಬರ್ತಾರೆ" ಎಂದ. ಅಪ್ಪ ನಗಲಿಲ್ಲ. "ಬುಡ ಯಾವುದು, ತುದಿ ಯಾವುದು ತಿಳಿಯದವಳು ಬಡಗಿ ಏನೇ? ಮರಾನ ತಲೆಕೆಳಗೆ ನಿಲ್ಲಿಸಿದ್ರೆ ಅದು ಇರೋವರ್ಗೂ ನರಳತ್ತೆ!" ಎಂದು ಎಲ್ಲರೆದುರು ನಿನ್ನನ್ನು ಬೈದರು. "ಬುಡ ಯಾವ ಕಡೆ ಅಂತ ಅಮ್ಮ ಹಾಕಿದ ಶಾಯಿ ಗುರುತು ನೋಡೇ ನಿಲ್ಲಿಸಿದ್ದು, ಅಪ್ಪಾ" ಎಂದೆ ನೀನು. "ಇಪ್ಪತ್ತೈದು ವರ್ಷದಲ್ಲಿ ಅವಳ ಗುರುತು ಒಂದ್ಸಲ ತಪ್ಪಿಲ್ಲ. ಹೆತ್ತವಳ ಮೇಲೆ ಹಾಕ್ತೀಯಾ?" ಎಂದರು. ನೀನು ನನ್ನ ಮುಖ ನೋಡಿದೆ. ನಾನು ಚಹಾ ಬಟ್ಟಲು ಎತ್ತತೊಡಗಿದೆ. ಮರುದಿನ ನಿನ್ನ ಉಳಿಪೆಟ್ಟಿಗೆ ಮನೆಯಲ್ಲಿರಲಿಲ್ಲ.

ಅಪ್ಪನ ದೊಡ್ಡ ಕೀಸುಳಿಗೆ ಎಣ್ಣೆ ಸವರಿ ಇಟ್ಟಿದ್ದೇನೆ. ಅದು ನಿನ್ನದು. ಅಮಿದಾ ಬುದ್ಧ ನಿನ್ನ ಕೈಗಳನ್ನು ಕಾಯಲಿ.

ನಿನ್ನ ಅಮ್ಮ,
ಫುಸಾಎ

ಮೇಲೆ ಬರೆಯದೆ ಬಿಟ್ಟಿದ್ದು ಮರೆತಲ್ಲ, ಧೈರ್ಯವಾಗಲಿಲ್ಲ: ಗುರುತು ತಪ್ಪಿದ್ದು ನನ್ನದೇ. ನನ್ನ ಅಮ್ಮನ ತಿಥಿಗೆ ಗುಡಿಗೆ ಹೋಗಲು ಹೊತ್ತಾಯಿತೆಂದು ಗಂಟು ನೋಡದೆ ಕುಂಚ ಆಡಿಸಿದ್ದೆ. ನೀನು ನನ್ನ ಮುಖ ನೋಡಿದಾಗಲೇ ನನಗೆ ಗೊತ್ತಿತ್ತು. ಅಪ್ಪ ಆರು ವಾರ ಆಸ್ಪತ್ರೆಯಲ್ಲಿದ್ದರು. ನೀನು ಬಂದರೆ ಆ ಮಾತು ಏಳುತ್ತದೆಂದು ಹೆದರಿ ತಿಳಿಸಲಿಲ್ಲ. ಕೊನೆಯ ದಿನ, "ಚಿಗುಸಾ ಬಂದ್ಲಾ?" ಎಂದು ಕೇಳಿದರು. "ಕೆಲಸ ಜಾಸ್ತಿಯಂತೆ, ಬರಲ್ಲ" ಎಂದೆ.