ಹುಳುಮನೆಯಲ್ಲಿ ಸವೆದ ರೆಗ್ಗೆ ಪ್ಲೇಟು

ಅಪ್ಪಾ,

ಇದನ್ನು ನೀನು ಓದುವುದಿಲ್ಲ, ಗೊತ್ತು. ಬದುಕಿದ್ದಾಗಲಾದರೂ ನಾನು ಹೇಳಿದ್ದನ್ನು ಯಾವತ್ತು ಪೂರ್ತಿ ಕೇಳಿದ್ದೆ? ಈಗಾದರೂ ನಡುವೆ ಎದ್ದು ಹೋಗದೆ ಕೇಳು.

ಎಂಬತ್ತನೇ ಇಸವಿಯಲ್ಲಿ ಕೋಲಾರದ ಕಾಲೇಜಿನಿಂದ ನಾನು ಆ ಹಾಡಿನ ಪ್ಲೇಟು ತಂದ ದಿನ ನೆನಪಿದೆಯಾ? ಅದು ನನ್ನ ಗೆಳೆಯ ಸಾದಿಕ್‌ನದು. ಲಂಡನ್ನಿನಲ್ಲಿದ್ದ ಅವನ ಮಾವ ಕಳಿಸಿದ್ದು, ಜಮೈಕಾದ ಒಂದು ತಂಡದ್ದು, ರೆಗ್ಗೆ ಅಂತ ಅವರ ಕಡೆಯ ಸಂಗೀತ. ಅಲ್ಲಿ ಅಂಗಡಿಗೆ ಬಂದದ್ದೇ ತಡ ಖಾಲಿಯಾಗುತ್ತಿತ್ತಂತೆ. ಎಂಟು ದಿನ ಇಟ್ಟುಕೋ, ಗೀರು ಬೀಳಿಸಬೇಡ ಎಂದು ಹೇಳಿ ಕೊಟ್ಟಿದ್ದ. ನಮ್ಮಲ್ಲಿ ಪ್ಲಗ್ ಇದ್ದದ್ದು ರೇಷ್ಮೆಹುಳು ಸಾಕುವ ಕೋಣೆಯಲ್ಲಿ ಮಾತ್ರ. ಮೈಕ್‌ಸೆಟ್‌ನವರು ಕೈಬಿಟ್ಟ, ಪ್ಲೇಟು ಓಡಿಸುವ ಪೆಟ್ಟಿಗೆಯನ್ನು ಅಲ್ಲೇ ಇಟ್ಟು ಹಾಡು ಹಾಕಿದೆ. ನೀನು ಎರಡು ನಿಮಿಷ ನಿಂತು, "ಏನ್ಲಾ ಇದು, ಹಾಡೋನಿಗೂ ನಿದ್ದೆ, ಬಾರಿಸೋನಿಗೂ ನಿದ್ದೆ" ಎಂದು ಬೀಡಿ ಕಚ್ಚಿಕೊಂಡು ಹೊಂಗೆ ಮರದ ಕೆಳಗೆ ಹೋಗಿ ಕೂತೆ. ಹುಳು ಗೂಡು ಕಟ್ಟುವ ತನಕ ದಿನಾ ಇದೇ ಕತೆ, ನಾನು ಹಾಡು ಹಾಕುವುದು, ನೀನು ಎದ್ದು ಹೊರಗೆ ಹೋಗುವುದು. ಅಷ್ಟಕ್ಕೇ ಬಿಟ್ಟಿದ್ದರೆ...

ಆ ಸಲ ತಟ್ಟೆಯಿಂದ ರೇಷ್ಮೆಗೂಡು ಬಿಡಿಸುವಾಗ ನಿನ್ನ ಮುಖ ನೋಡಬೇಕಿತ್ತು. ಹಿಂದಿನ ಎರಡು ಬೆಳೆಯ ಹುಳು ಹಣ್ಣಾಗಿ ಗೂಡು ಕಟ್ಟುವ ಮೊದಲೇ ಸತ್ತು ತಿಪ್ಪೆಗೆ ಹೋಗಿದ್ದವು. ಈ ಸಲ ತಟ್ಟೆತಟ್ಟೆಯೂ ಗೂಡು ಕಟ್ಟಿತು. ನಾನು ಪ್ಲೇಟನ್ನು ಚೀಲಕ್ಕೆ ಹಾಕಿಕೊಂಡು ಹೊರಟರೆ ನೀನು ಬಾಗಿಲಿಗೆ ಅಡ್ಡ ನಿಂತೆ. "ಒರೇ, ಇದು ಈ ಮನೆ ಬಿಟ್ಟು ಹೋಗಲ್ಲ. ಹುಳಕ್ಕೆ ಒಗ್ಗೈತೆ." ಬೇರೆಯವರ ವಸ್ತು ಎಂದು ಬೇಡಿಕೊಂಡೆ. ಹಾಗಾದರೆ ಆ ಹುಡುಗನಿಗೆ ಒಂದು ಬುಟ್ಟಿ ಟೊಮ್ಯಾಟೊ ಕೊಟ್ಟು ಬಾ ಎಂದೆಯಲ್ಲ! ಟೊಮ್ಯಾಟೊ! ಅಲ್ಲಿಂದ ನಿನ್ನ ಕಟ್ಟಳೆ ಪಟ್ಟಿಗೆ ಆ ಪ್ಲೇಟೂ ಸೇರಿತು. ಹುಳುಮನೆಗೆ ಹೊರಗಿನವರು ಬರಬಾರದು, ಚಪ್ಪಲಿ ಬರಬಾರದು, ಒಗ್ಗರಣೆ ವಾಸನೆ ಬರಬಾರದು, ರೆಗ್ಗೆ ಮಾತ್ರ ದಿನಾ ಓಡಲೇಬೇಕು.

ಆಯುಧಪೂಜೆಯ ಆ ಬೆಳಿಗ್ಗೆ ನೆನೆದರೆ ಈಗಲೂ ತಲೆ ಕೆಡುತ್ತದೆ. ಗುದ್ದಲಿ, ಕುಡುಗೋಲು, ಸೊಪ್ಪು ಹೆಚ್ಚುವ ಕತ್ತಿ, ಅದೇ ಸಾಲಿನಲ್ಲಿ ಸಾದಿಕ್‌ನ ಪ್ಲೇಟು. ಅದರ ಮೈಗೆಲ್ಲ ಒದ್ದೆ ಅರಿಶಿನ, ಕುಂಕುಮ, ಮೇಲೊಂದು ಚೆಂಡುಹೂವು. ತೊಳೆದೆ, ಒರೆಸಿದೆ, ಊದಿದೆ. ಮೂರನೇ ಹಾಡಿನಲ್ಲಿ ಪೆಟ್ಟಿಗೆಯ ಮುಳ್ಳು ಎಗರುವುದು ನಿಲ್ಲಲಿಲ್ಲ. ಹುಳಕ್ಕೇನು ಗೊತ್ತಾಗುತ್ತೆ ಬಿಡು ಎಂದೆ ನೀನು. ಗೊತ್ತಾಗದಿದ್ದರೆ ಹಾಕುವುದಾದರೂ ಯಾಕೆ ಎಂದು ಕೇಳಿದ್ದಕ್ಕೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟೆ.

ಆಮೇಲೆ ಯಾವ ಮುಖ ಇಟ್ಟುಕೊಂಡು ಅದನ್ನು ವಾಪಸ್ ಕೊಡಲಿ? ಕಾಲೇಜಿನಲ್ಲಿ ಸಾದಿಕ್ ಈ ಬಾಗಿಲಲ್ಲಿ ಕಂಡರೆ ನಾನು ಆ ಬಾಗಿಲಿನಿಂದ ಹೋಗತೊಡಗಿದೆ. ಪರೀಕ್ಷೆ ಮುಗಿಯಿತು. ಆರು ವರ್ಷ ಅವನ ಬೀದಿಗೇ ಕಾಲಿಡಲಿಲ್ಲ. ಒಂದೇ ಡಬ್ಬಿಯಲ್ಲಿ ಊಟ ಮಾಡಿದವರು ನಾವು, ಅಪ್ಪಾ. ಅವನಂಥ ಗೆಳೆಯ ಮತ್ತೆ ನನಗೆ ಸಿಗಲಿಲ್ಲ.

ನಿನ್ನ ಹನ್ನೊಂದನೇ ದಿನದ ಕಾರ್ಯ ಮುಗಿದ ಮಾರನೇ ದಿನ ಅಮ್ಮ ಬಾಯಿ ಬಿಟ್ಟಳು. ಹುಳು ಉಳಿದದ್ದು ಹಾಡಿನಿಂದಲ್ಲವಂತೆ. ಮೊದಲೆಲ್ಲ ಹುಳುಮನೆಯಲ್ಲೇ ಬೀಡಿ ಸೇದುತ್ತಿದ್ದ ನೀನು ಹಾಡು ತಡೆಯಲಾಗದೆ ಹೊರಗೆ ಕೂರುತ್ತಿದ್ದೆ. ನಿನ್ನ ಬೀಡಿ ಹೊಗೆಯೂ ಬೀಡಿ ಹಿಡಿದ ಕೈಯೂ ಸೊಪ್ಪಿಗೆ ಸೋಕುತ್ತಿರಲಿಲ್ಲ, ಅಷ್ಟೇ. ಮೊದಲೇ ಯಾಕಮ್ಮ ಹೇಳಲಿಲ್ಲ ಎಂದು ಕೇಳಿದೆ. "ಹೇಳಿದ್ರೆ ಬೀಡಿ ಬಿಡ್ತಿದ್ರಾ? ಹಾಡು ನಿಲ್ಸಿ ಒಳಗೆ ಬಂದು ಕೂತ್ಕೋತಿದ್ರು ಕಣೋ" ಅಂದಳು. ನೀವಿಬ್ಬರೂ ಸೇರಿ ನನ್ನನ್ನು... ಹೋಗಲಿ ಬಿಡು.

ಮೊನ್ನೆ ಕೋಲಾರಕ್ಕೆ ಹೋಗಿ ಸಾದಿಕ್‌ನ ಮನೆ ಬಾಗಿಲು ತಟ್ಟಿದೆ. ಹಾಳಾದ ಪ್ಲೇಟು ಕೈಯಲ್ಲಿತ್ತು. ನಿನ್ನ ತಪ್ಪುಗಳನ್ನೆಲ್ಲ ಬಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡಿದ್ದೆ, ಒಂದೂ ಬಿಡದೆ ಒಪ್ಪಿಸಿದೆ. ಅವನು ಒಳಗೆ ಹೋಗಿ ಅದೇ ಪ್ಲೇಟಿನ ಇನ್ನೊಂದು ಪ್ರತಿ ತಂದು ನನ್ನ ಮುಂದೆ ಇಟ್ಟ.

"ಇದು ಎಲ್ಲಾ ಕಡೆ ಸಿಗುತ್ತೆ ಕಣೋ. ಆ ವರ್ಷಾನೇ ಬೆಂಗಳೂರಲ್ಲಿ ತಗೊಂಡೆ. ಹಳೇದು ನೀನೇ ಇಟ್ಕೋ ಅಂತ ಹೇಳಕ್ಕೆ ಬಂದ್ರೆ, ನೀನು ನನ್ನ ಕಂಡು ಓಡ್ತಿದ್ದೆ."

ಭಾನುವಾರ ಊಟಕ್ಕೆ ಬರುತ್ತಾನೆ. ಅಮ್ಮನಿಗೆ ಹೇಳಿದ್ದೇನೆ.

ಆರು ವರ್ಷ ನಿನ್ನನ್ನೇ ಬೈದುಕೊಂಡೆ, ಅಪ್ಪಾ. ನಮ್ಮ ಸುಗಟೂರಿನಿಂದ ಕೋಲಾರಕ್ಕೆ ಬಸ್ಸಿಗೇನು ಬರವೇ? ಹತ್ತಬೇಡ ಎಂದು ನೀನು ಒಂದು ದಿನವೂ ಹೇಳಿರಲಿಲ್ಲ.