ಉಪ್ಪು ಸರಿ

ಮಾರ್ಚ್ 3, ಸೋಮವಾರ. ಊಟದ ನಂತರ.

ಎರಡನೇ ಓವನ್ನಿನ ಮೂರು ಬ್ಯಾಚ್ ಬಿಸ್ಕತ್ತು ವಾಪಸ್ ಕಳಿಸಿದೆ. ಸೋಡಾ ಒಂದು ಚಿಟಿಕೆ ಹೆಚ್ಚು. ಓವನ್ ಸೂಪರ್‌ವೈಸರ್ ಒಪ್ಪಲಿಲ್ಲ. ಲ್ಯಾಬಿಗೆ ಹೋಯಿತು. ಒಂದು ಗಂಟೆ ಬಿಟ್ಟು ರಿಪೋರ್ಟ್ ಬಂತು – ನಾನು ಹೇಳಿದ್ದೇ. ಮಷಿನ್‌ಗೆ ಒಂದು ಗಂಟೆ ಬೇಕು, ನನಗೆ ಅರ್ಧ ಬಿಸ್ಕತ್ತು ಸಾಕು. ಇಪ್ಪತ್ತಾರು ವರ್ಷದಿಂದ ಟೇಸ್ಟಿಂಗ್ ರೂಮಿನಲ್ಲಿ ಈ ನಾಲಿಗೆ ಒಂದು ದಿನವೂ ಕೈಕೊಟ್ಟಿಲ್ಲ.

ಮನೆಯಲ್ಲಿ: ಬೇಳೆ, ಬೀನ್ಸ್, ಅನ್ನ. ಬೇಳೆಗೆ ಉಪ್ಪು ಒಂದೆಳೆ ಮುಂದೆ. ಹುಳಿ ಸರಿ. ಬೀನ್ಸ್ ಬೆಂದದ್ದು ಸರಿ.

ಇವಳಿಗೆ ಹೇಳಲಿಲ್ಲ. ಅಡುಗೆ ಮಾಡಿದವರೆದುರು ಹುಳುಕು ತೆಗೆಯಬಾರದು, ಅದು ನನ್ನ ನಿಯಮ. ದಿನವಿಡೀ ಫ್ಯಾಕ್ಟರಿಯಲ್ಲಿ ಅದೇ ಕೆಲಸ. ಮನೆಯಲ್ಲೂ ಶುರು ಹಚ್ಚಿಕೊಂಡರೆ ಸಂಸಾರ ನಡೆದ ಹಾಗೇ. ಆದರೆ ನಾಲಿಗೆ ಸುಮ್ಮನಿರಬೇಕಲ್ಲ. ಅದಕ್ಕೇ ಈ ಡೈರಿ. ಬರೆದುಬಿಟ್ಟರೆ ತಲೆ ಹಗುರ. ಉಪ್ಪು ನಾಳೆ ತಾನಾಗಿಯೇ ಸರಿಯಾಗುತ್ತದೆ. ಯಾವಾಗಲೂ ಆಗುತ್ತದೆ.

ಮಾರ್ಚ್ 4, ಮಂಗಳವಾರ

ಉಪ್ಪು ಸರಿ. ಬರೆದಿದ್ದೆನಲ್ಲ. ಇಪ್ಪತ್ತೇಳು ವರ್ಷ ಜೊತೆಗಿದ್ದದ್ದಕ್ಕೆ ಇಷ್ಟಾದರೂ ಬೇಡವೇ – ಬಾಯಿ ಬಿಡಬೇಕಾಗಿಯೇ ಇಲ್ಲ, ನನ್ನ ಹುಬ್ಬು ನೋಡಿಯೇ ತಿಳಿದುಕೊಳ್ಳುತ್ತಾಳೆ. ಊಟದ ನಡುವೆ ಎಂದಿನಂತೆ "ರುಚಿಯಾಗಿದೆ ಅಲ್ವಾ" ಅಂದಳು. ದಿನಾ ಅನ್ನುತ್ತಾಳೆ. ನನ್ನ ಸಹವಾಸದಲ್ಲಿ ಇವಳ ನಾಲಿಗೆಯೂ ಪಳಗಿದೆ.

ಕ್ಯಾಂಟೀನಿನಲ್ಲಿ ಮೂಗಣ್ಣ ಸಿಕ್ಕಿದ. ಒಂದು ಕಾಲಕ್ಕೆ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ವಾಸನೆ ನೋಡುತ್ತಿದ್ದವನು. ಬೆಣ್ಣೆ ಎಷ್ಟು ದಿನದ್ದು ಎಂದು ಮುಚ್ಚಳ ತೆಗೆಯುವ ಮೊದಲೇ ಹೇಳುತ್ತಿದ್ದ. ಎಂಟು ವರ್ಷದ ಹಿಂದೆ ಮನೆಮನೆಗೂ ಬಂದಿತ್ತಲ್ಲ ಆ ಕೆಟ್ಟ ಜ್ವರ – ಅದರಲ್ಲಿ ಮೂಗು ಹೋಯಿತು. ಪ್ಯಾಕಿಂಗ್‌ಗೆ ಹಾಕಿದರು. ಹೆಸರು ಮಾತ್ರ ಮೂಗಣ್ಣ ಎಂದೇ ಉಳಿಯಿತು. ಇವತ್ತು ಹಳಸಿದ ಬ್ರೆಡ್ಡು ತಿನ್ನುತ್ತಾ ಕೂತಿದ್ದ, ಗೊತ್ತೇ ಇಲ್ಲ. ನಾವೆಲ್ಲ ನಕ್ಕೆವು. ಅವನೂ ನಕ್ಕ. ಮನೆಗೆ ಬಂದು ಇವಳಿಗೆ ಹೇಳಿದೆ, ನಗಲಿಲ್ಲ. ಇವಳಿಗೆ ತಮಾಷೆ ಹತ್ತುವುದೇ ಕಡಿಮೆ.

ಈ ಡೈರಿಯ ಕಾಗದ ಕಳಪೆ. ಅಂಚಿನಲ್ಲಿ ಅಲ್ಲಲ್ಲಿ ಬೂದು ಚುಕ್ಕೆ. ಹೋದ ವರ್ಷದ್ದೂ ಹಾಗೇ ಇತ್ತು. ಬೇರೆ ಅಂಗಡಿ ನೋಡಬೇಕು.

ಮಾರ್ಚ್ 9, ಭಾನುವಾರ

ಕ್ಷೌರ ಮುಗಿಸಿ ಬಂದೆ. ಮೆಟ್ಟಿಲ ಬುಡದಲ್ಲೇ ಹಾಲು ಸೀದ ವಾಸನೆ. ಯಾವ ಪುಣ್ಯಾತ್ಗಿತ್ತಿಯ ಕೆಲಸವೋ ಎಂದು ಬೈದುಕೊಳ್ಳುತ್ತಾ ಮೂರು ಮಹಡಿ ಹತ್ತಿದೆ. ನಮ್ಮ ಮನೆಯದೇ. ಇವಳು ಒಲೆಗೆ ಬೆನ್ನು ಹಾಕಿ ಸೊಪ್ಪು ಬಿಡಿಸುತ್ತಾ ಕೂತಿದ್ದಾಳೆ – ಎರಡು ಮಾರು ದೂರವಿಲ್ಲ. ಪಾತ್ರೆಯ ತಳ ಇದ್ದಿಲ ಹಾಗೆ ಕರ್ರಗೆ. ಏನೋ ಯೋಚನೆಯಲ್ಲಿದ್ದೆ ಅಂದಳು. ಯಾವ ರಾಜ್ಯ ಆಳುತ್ತಿದ್ದೆ ಎಂದು ಛೇಡಿಸಿದೆ. ಕಿಟಕಿ ತೆಗೆದು ಟವೆಲ್ ಬೀಸಿದ್ದೇ ಬೀಸಿದ್ದು.

ಉಪ್ಪು ಸರಿ.

ಮಾರ್ಚ್ 11, ಮಂಗಳವಾರ. ಫ್ಯಾಕ್ಟರಿಯಲ್ಲಿ, ಊಟದ ಬಿಡುವು.

ಆಡಿಟ್ ವಾರ. ನಿನ್ನೆ ಡೈರಿಯನ್ನು ಬ್ಯಾಗಿಗೆ ಹಾಕಿಕೊಂಡು ಬಂದವನು ಡ್ರಾಯರಿನಲ್ಲೇ ಮರೆತು ಹೋದೆ. ಇರಲಿ, ಈ ವಾರ ಇಲ್ಲೇ ಬರೆಯುವುದು. ಮನೆ ಸೇರುವಷ್ಟರಲ್ಲಿ ಸುಸ್ತು ಹೊಡೆದಿರುತ್ತದೆ.

ನಿನ್ನೆಯ ಊಟ: ಉಪ್ಪು ತೀರಾ ಹೆಚ್ಚು. ಹೇಳಲಿಲ್ಲ.

ಮಾರ್ಚ್ 12, ಬುಧವಾರ. ಫ್ಯಾಕ್ಟರಿ.

ನಿನ್ನೆಯೂ ಹೆಚ್ಚು. ತಾನಾಗಿ ಸರಿಹೋಗಲಿಲ್ಲ. ಎರಡು ಚೊಂಬು ನೀರು ಕುಡಿದೆ. ಹುಬ್ಬು ಬೇಕೆಂದೇ ಎತ್ತಿ ಕೂತೆ. ಇವಳು ನೋಡಿದಳು. "ಹೇಗಿದೆ?" ಎಂದು ಕೇಳಿದಳು. ಎಷ್ಟೋ ವರ್ಷವಾಗಿತ್ತು ಹೀಗೆ ಕೇಳಿ. ಚೆನ್ನಾಗಿದೆ ಅಂದೆ. ಬೇರೆ ಏನು ಅನ್ನುವುದು.

ಮಾರ್ಚ್ 14, ಶುಕ್ರವಾರ. ಫ್ಯಾಕ್ಟರಿ.

ನಿನ್ನೆ ರಾತ್ರಿ ಐದಾರು ತುತ್ತಿಗೇ ಕೈ ತೊಳೆದೆ. ಬಾಯಿಗೆ ಇಡುವ ಹಾಗಿಲ್ಲ. ವಿಚಿತ್ರ ಅದಲ್ಲ. ಅದೇ ಬೇಳೆಯನ್ನು ತಟ್ಟೆ ತುಂಬ ಹಾಕಿಕೊಂಡು ಉಂಡು ಇವಳು "ರುಚಿಯಾಗಿದೆ ಅಲ್ವಾ" ಅಂದಳು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ನನ್ನ ಮೇಲೆ ಏನಾದರೂ ಸಿಟ್ಟೋ? ಆಮೇಲೆ ಪಾತ್ರೆ ಎತ್ತುವಾಗ ಕೇಳಿದಳು – ನಿಮ್ಮ ನೀಲಿ ಪುಸ್ತಕ ಕಾಣ್ತಿಲ್ಲವಲ್ಲ, ಬರೆಯೋದು ಬಿಟ್ರಾ? ಫ್ಯಾಕ್ಟರಿಯಲ್ಲಿದೆ ಅಂದೆ. ನಾಳೆ ತನ್ನಿ ಅಂದಳು. ನನ್ನ ಡೈರಿಯ ಚಿಂತೆ ಇವಳಿಗೇಕೆ.

ಮಾರ್ಚ್ 15, ಶನಿವಾರ. ಸಂಜೆ 5.

ಡೈರಿ ಮನೆಗೆ ತಂದೆ.

ಅರ್ಧ ದಿನ ರಜೆ. ಎರಡು ಗಂಟೆಗೆ ಬಂದೆ. ಬಾಗಿಲು ತೆಗೆದ ಕೂಡಲೇ ಗ್ಯಾಸ್. ವಾಸನೆ ಅಂದರೆ ವಾಸನೆಯೇ – ಗಂಟಲು ಹಿಡಿಯುವಷ್ಟು. ಇವಳು ಅಡುಗೆಮನೆಯಲ್ಲಿ ನಿಂತಿದ್ದಾಳೆ. ಬೇಗ ಬಂದ್ರಾ, ಟೀ ಇಡ್ತೀನಿ ಎನ್ನುತ್ತಾ ಲೈಟರ್ ಕೈಗೆ ತೆಗೆದುಕೊಂಡಳು.

ಅಲ್ಲಿಂದ ಅವಳ ತನಕ ಹೇಗೆ ಹೋದೆನೋ ಗೊತ್ತಿಲ್ಲ. ಕೈ ಹಿಡಿದು ತಿರುಚಿದೆ. ಲೈಟರ್ ಕೆಳಗೆ ಬಿತ್ತು. ಸಿಲಿಂಡರ್ ಬಂದ್ ಮಾಡಿದೆ, ಕಿಟಕಿ ತೆಗೆದೆ, ಅವಳನ್ನು ದರದರ ಎಳೆದುಕೊಂಡು ಬಾಲ್ಕನಿಗೆ ಬಂದೆ. ಒಲೆ ಒರೆಸುವಾಗ ಒಂದು ನಾಬ್ ತಿರುಗಿಬಿಟ್ಟಿತ್ತು. ಎಷ್ಟು ಹೊತ್ತಿನಿಂದಲೋ.

ಹುಚ್ಚನನ್ನು ನೋಡಿದ ಹಾಗೆ ನನ್ನನ್ನು ನೋಡುತ್ತಿದ್ದಳು.

"ಏನಾಯ್ತು?" ಅಂದಳು.

ನನಗೆ ಕಣ್ಣಲ್ಲಿ ನೀರು ಬರುತ್ತಿದೆ, ಕೆಮ್ಮು ನಿಲ್ಲುತ್ತಿಲ್ಲ, ಅಂಥ ಜಾಗದಲ್ಲಿ ನಿಂತು ಏನಾಯ್ತು ಎಂದು ಕೇಳಿದಳು.

ಆಮೇಲೆ ಹೇಳಿದಳು. ತರಕಾರಿ ತಂದದ್ದನ್ನು ಹೇಳುವಷ್ಟೇ ಸಾವಧಾನವಾಗಿ. ಆ ಜ್ವರದಿಂದೀಚೆಗೆ ಅವಳಿಗೆ ವಾಸನೆ ಇಲ್ಲ. ರುಚಿಯೂ ಇಲ್ಲ. ಬಿಸಿ ತಿಳಿಯುತ್ತದೆ, ತಣ್ಣಗಿರುವುದು ತಿಳಿಯುತ್ತದೆ, ಮೆಣಸಿನಕಾಯಿ ಕಚ್ಚಿದರೆ ಉರಿಯುತ್ತದೆ. ಅಷ್ಟೇ. ಎಂಟು ವರ್ಷ.

ಹಾಗಾದರೆ ಅಡುಗೆ ಹೇಗೆ ಮಾಡುತ್ತಿದ್ದೆ ಎಂದು ಕೇಳಿದೆ. ಔಷಧಿ ಬಾಟಲಿ ಜೊತೆ ಬಂದ ಗೆರೆಯ ಚಮಚ ಇದೆಯಂತೆ, ಅದರಲ್ಲಿ ಅಳೆದು ಹಾಕುವುದು. ಈ ಸಲದ ಉಪ್ಪಿನ ಪೊಟ್ಟಣ ಬೇರೆ, ಪುಡಿ ಸಣ್ಣದು – ಅದಕ್ಕೇ ಅಳತೆ ತಪ್ಪಿರಬೇಕು, ನೀವು ಬರೆದಿದ್ದರೆ ತಿಳೀತಿತ್ತು ಅಂದಳು.

ಬರೆದಿದ್ದರೆ?

"ನಿಮ್ಮ ಪುಸ್ತಕ ಓದ್ಕೊಂಡೇ ಅಲ್ವಾ ನಾನು ಅಡುಗೆ ಮಾಡೋದು. ಬೆಳಿಗ್ಗೆ ನೀವು ಹೋದ ಮೇಲೆ. ಕೇಳಿದ್ರೆ ಚೆನ್ನಾಗಿದೆ ಅಂತೀರಿ. ಪುಸ್ತಕದಲ್ಲಾದ್ರೆ ಸುಳ್ಳು ಬರೆಯಲ್ಲ."

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಜೋರಾಗಿಯೇ ಕೇಳಿದೆನೇನೋ. ಕೆಳಗಿನ ರಸ್ತೆ ನೋಡುತ್ತಾ ಹೇಳಿದಳು.

"ಮೂಗಣ್ಣನ್ನ ಪ್ಯಾಕಿಂಗ್‌ಗೆ ಹಾಕಿದ ದಿನ ಮನೆಗೆ ಬಂದು ನೀವು ಎಷ್ಟು ನಕ್ಕಿದ್ರಿ ಅಂದ್ರೆ... ಅವತ್ತೇ ಹೇಳ್ಬೇಕು ಅಂತಿದ್ದೆ."

ಅದೇ ದಿನ, ಸಂಜೆ 7

ಉಪ್ಪು ಸರಿ ಎಂದು ಬರೆಯಲು ಕೈ ಬರುತ್ತಿಲ್ಲ. ಊಟ ಹೋಟೆಲಿನಿಂದ ತಂದದ್ದು. ರುಚಿ ಏನೆಂದು ನೋಡಲಿಲ್ಲ.

ಅಟ್ಟದಿಂದ ಹಳೆಯ ಡೈರಿ ಇಳಿಸಿದೆ. ಎಂಟು. ಬರೆದದ್ದನ್ನು ತಿರುಗಿಸಿ ನೋಡುವ ಅಭ್ಯಾಸ ನನಗಿಲ್ಲ. ಪಾಸಾದ ಬ್ಯಾಚನ್ನು ಮತ್ತೆ ಯಾರು ತಿನ್ನುತ್ತಾರೆ. ಜ್ವರದ ವರ್ಷದ್ದು ತೆಗೆದೆ. "ಜ್ವರ ಬಿಟ್ಟಿದೆ, ಇವತ್ತಿನಿಂದ ಮತ್ತೆ ಇವಳೇ ಅಡುಗೆ. ಉಪ್ಪೇ ಇಲ್ಲ." ಮರುದಿನ – "ಉಪ್ಪಿನ ಡಬ್ಬಿಯನ್ನೇ ಸುರಿದಿದ್ದಾಳೆ." "ಮನಸ್ಸಿಟ್ಟು ಮಾಡುವುದಿಲ್ಲ." "ಸೋಮಾರಿಯಾಗಿದ್ದಾಳೆ." ಹೀಗೆ ಇಪ್ಪತ್ತು ದಿನ. ಆಮೇಲೆ ಒಂದು ಸಾಲಿನ ಪಕ್ಕ ಅಂಚಿನಲ್ಲಿ ಬೂದು ಚುಕ್ಕೆ. ಅದರ ಮರುದಿನ ಉಪ್ಪು ಸರಿ. ಮತ್ತೆ ಹುಳಿ ಕಡಿಮೆ – ಚುಕ್ಕೆ – ಮರುದಿನ ಹುಳಿ ಸರಿ.

ಪೆನ್ಸಿಲ್. ಓದಿ, ತಿಳಿದುಕೊಂಡು, ಗುರುತು ಹಾಕಿದ್ದು.

ನನ್ನ ಹುಬ್ಬು ನೋಡಿ ತಿಳಿದುಕೊಳ್ಳುತ್ತಾಳಂತೆ. ಥೂ.

ಮಾರ್ಚ್ 17, ಸೋಮವಾರ

ರಜೆ ಹಾಕಿ ಕಿವಿ-ಮೂಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಏಳೆಂಟು ಪುಟ್ಟ ಶೀಸೆ ಮೂಗಿಗೆ ಹಿಡಿದರು. ಲವಂಗದ್ದು ನನಗೆ ಮೇಜಿನ ಈಚೆ ಕಡೆಗೂ ಬಂತು. ಅವಳು ಒಂದೊಂದಕ್ಕೂ ವಿನಯವಾಗಿ ಇಲ್ಲ ಅಂದಳು. ಪರೀಕ್ಷೆಯಲ್ಲಿ ಫೇಲಾಗುತ್ತಿರುವವರ ಮುಖ. ಆಗಲೇ ಬಂದಿದ್ದರೆ ಏನಾದರೂ ಪ್ರಯತ್ನ ಮಾಡಬಹುದಿತ್ತು, ಎಂಟು ವರ್ಷದ ಮೇಲೆ ಆಸೆ ಇಟ್ಟುಕೊಳ್ಳಬೇಡಿ ಅಂದರು.

ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲವೇ ಎಂದು ನನ್ನ ಮುಖ ನೋಡಿ ಕೇಳಿದರು. ಇವರಿಗೆ ಫ್ಯಾಕ್ಟರಿ ಕೆಲಸ ಜಾಸ್ತಿ ಡಾಕ್ಟ್ರೇ ಎಂದು ಅವಳೇ ಅಡ್ಡ ಬಂದಳು. ಯಾವ ಫ್ಯಾಕ್ಟರಿ? ಬಿಸ್ಕತ್ತಿನದು ಅಂದೆ. ಅಲ್ಲಿ ಏನು ಕೆಲಸ ಎಂದು ಅವರು ಕೇಳಲಿಲ್ಲ, ಬದುಕಿದೆ.

ದಾರಿಯಲ್ಲಿ ಗ್ಯಾಸ್ ಸೋರಿದರೆ ಕೂಗುವ ಅಲಾರಾಂ ಕೊಂಡೆವು. ಗೋಡೆಗೆ ಹೊಡೆದಾಯಿತು. ಇನ್ನು ಮೇಲೆ ಅದು ನನಗಿಂತ ಉಪಯೋಗಕ್ಕೆ ಬರುತ್ತದೆ.

ಮಾರ್ಚ್ 18, ಮಂಗಳವಾರ

ಪ್ಯಾಕಿಂಗ್‌ಗೆ ಹೋಗಿ ಮೂಗಣ್ಣನ ಪಕ್ಕ ಕೂತೆ. ವಾಸನೆಯೇ ಇಲ್ಲದಿದ್ದರೆ ಹೇಗಿರುತ್ತದೆ ಎಂದು ಕೇಳಿದೆ. ಡಬ್ಬಕ್ಕೆ ಟೇಪು ಅಂಟಿಸುತ್ತಿದ್ದವನ ಕೈ ನಿಂತಿತು. ತಮಾಷೆಗೆ ಕೇಳುತ್ತಿದ್ದೇನೋ ಎಂದು ನೋಡಿದ.

"ಊಟ ಅಂದ್ರೆ ಅಗಿಯೋದು ಸಾರ್, ಅಷ್ಟೇ. ಅದಾದ್ರೂ ಪರವಾಗಿಲ್ಲ. ಮೊಮ್ಮಗು ಎತ್ಕೊಂಡ್ರೆ ಮಗು ವಾಸನೆ ಬರಲ್ಲ ನೋಡಿ, ಅದೇ ಕಷ್ಟ."

ಎಂಟು ವರ್ಷದಲ್ಲಿ ಇದನ್ನು ಕೇಳಿದವರು ನೀವೇ ಮೊದಲು ಅಂದ. ಹಳಸಿದ ಬ್ರೆಡ್ಡಿನ ದಿನ ನಕ್ಕದ್ದಕ್ಕೆ ತಪ್ಪಾಯಿತು ಅಂದೆ. ಅವನಿಗೆ ನೆನಪೇ ಇರಲಿಲ್ಲ. ಅಥವಾ ಇಲ್ಲ ಅಂದ.

ಮಾರ್ಚ್ 19, ಬುಧವಾರ. ಸಂಜೆ.

ಓದಬಾರದಿತ್ತು. ಓದದೆ ಇರಲೂ ಆಗಲಿಲ್ಲ.

ಆರು ವರ್ಷದ ಹಿಂದಿನ ಡೈರಿ. ನವೆಂಬರ್ 12. ನನ್ನದೇ ಅಕ್ಷರ – "ಇವಳ ಜೊತೆ ಕೂತು ಉಣ್ಣುವುದೂ ಗೋಡೆಯೆದುರು ಕೂತು ಉಣ್ಣುವುದೂ ಒಂದೇ. ರುಚಿಯ ಬಗ್ಗೆ ಒಂದು ಮಾತಿಲ್ಲ. ಇವಳಿಗೆ ನಾಲಿಗೆ ಇದೆಯೋ ಇಲ್ಲವೋ."

ಅದರ ಪಕ್ಕವೂ ಚುಕ್ಕೆ. ಉಪ್ಪು ಹೆಚ್ಚು, ಹುಳಿ ಕಡಿಮೆ ಎಂಬುದಕ್ಕೆ ಹಾಕುವಂಥದೇ ಪುಟ್ಟ ಚುಕ್ಕೆ. ನಾಳೆ ಸರಿಮಾಡಿಕೊಳ್ಳಬೇಕು ಎಂದು.

ನವೆಂಬರ್ 13 – "ಇವತ್ತು ಅಪರೂಪಕ್ಕೆ ಇವಳೇ ಬಾಯಿ ಬಿಟ್ಟಳು. ಸೊಪ್ಪು ರುಚಿಯಾಗಿದೆ ಅಲ್ವಾ ಅಂದಳು. ಎರಡು ಸಲ ಹಾಕಿಕೊಂಡಳು. ಖುಷಿಯಾಯಿತು. ಉಪ್ಪು ಸರಿ."

ಅಂದಿನಿಂದ ಒಂದು ದಿನ ತಪ್ಪಿಸಿಲ್ಲ. ಆರು ವರ್ಷ ದಿನಾ ಅಂದಿದ್ದಾಳೆ. ಉಪ್ಪಿನ ಕಲ್ಲಿನಂಥ ಬೇಳೆ ಉಂಡ ದಿನವೂ ಅಂದಳು.

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಅಳು ಬಂತು. ಐವತ್ತೈದರ ಗಂಡಸಿಗೆ ಬರುವಂಥ ಅಳು – ಸದ್ದೇ ಹೆಚ್ಚು. ಅವಳು ಬಾಗಿಲು ತಟ್ಟಿದಳು. ಮುಖಕ್ಕೆ ಸೋಪು ಹಚ್ಚಿದ್ದೇನೆ ಅಂದೆ.

ಮಾರ್ಚ್ 21, ಶುಕ್ರವಾರ. ಊಟದ ನಂತರ.

ಇವತ್ತು ಅಡುಗೆಯ ಹೊತ್ತಿಗೆ ಪಕ್ಕದಲ್ಲೇ ನಿಂತೆ. ಉಪ್ಪು ಕಡಿಮೆ ಅಂದೆ – ಬಾಯಿ ಬಿಟ್ಟೇ. ಗೆರೆಯ ಚಮಚದಲ್ಲಿ ಒಂದಿಷ್ಟು ಹಾಕಿದಳು. ಇನ್ನೂ ಸ್ವಲ್ಪ ಅಂದೆ. ಹಾಕಿದಳು. ಸರಿ ಅಂದೆ.

"ಸರಿ ಅಂದ್ರೆ? ಹೇಗಿದೆ?"

ಇಪ್ಪತ್ತಾರು ವರ್ಷದ ಕೆಲಸದಲ್ಲಿ ಯಾರೂ ಹಾಗೆ ಕೇಳಿಲ್ಲ. ಪಾಸು, ಇಲ್ಲವೇ ಫೇಲು. ಕೊನೆಗೆ ಬೀನ್ಸ್ ತೋರಿಸಿ, ಹಸಿಯದನ್ನು ಮುರಿದಾಗ ಬೆರಳಿಗೆ ಒಂದು ವಾಸನೆ ಹತ್ತುತ್ತಿತ್ತಲ್ಲ, ಅದು ಬೆಂದ ಮೇಲೂ ಕೊನೆಯಲ್ಲಿ ಸ್ವಲ್ಪ ಉಳಿದಿದೆ, ಹಾಗಿದೆ ಅಂದೆ. ಕಣ್ಣು ಮುಚ್ಚಿ ಹುಡುಕಿದಳು. ಸಿಕ್ಕಿತು ಕಣ್ರೀ, ನೆನಪಿದೆ ಅಂದಳು. ಊಟ ಮುಗಿಯುವ ತನಕ ಒಂದೊಂದನ್ನೇ ಕೇಳಿದಳು. ಹೇಳಿದೆ. ರುಚಿಯಾಗಿದೆ ಅಲ್ವಾ ಎಂದು ಇವತ್ತು ಅನ್ನಲಿಲ್ಲ.

ಡೈರಿ ನಿಲ್ಲಿಸಲೇ ಎಂದು ಕೇಳಿದ್ದಕ್ಕೆ ಬೇಡ, ಬರೀರಿ ಅಂದಳು. ಈಗ ಪಾತ್ರೆ ತೊಳೆಯುತ್ತಿದ್ದಾಳೆ. ನಾಳೆ ನಾನು ಹೋದ ಮೇಲೆ ಇದನ್ನು ತೆಗೆಯುತ್ತಾಳೆ. ತೆಗೆಯುತ್ತೀಯ.

ನವೆಂಬರ್ 12ರ ಆ ಸಾಲು. ಅದಕ್ಕೆ ಚುಕ್ಕೆ ಹಾಕಿಕೊಂಡು ಸರಿಹೋಗಬೇಕಾದವಳು ನೀನಲ್ಲ. ಎರಡು ದಿನದಿಂದ ಹೇಳಬೇಕೆಂದು ಹತ್ತಿರ ಬರುತ್ತೇನೆ, ಟವೆಲ್ ಎಲ್ಲಿ, ಪೇಪರ್ ಎಲ್ಲಿ ಎಂದು ಕೇಳಿ ವಾಪಸಾಗುತ್ತೇನೆ. ಇಲ್ಲಿ ಬರೆದರೆ ಸುಲಭ. ಆದರೆ ಬರೆದರೆ ಇದನ್ನೂ ನೀನು ಒಬ್ಬಳೇ ಕೂತು ಓದಬೇಕು. ಎಂಟು ವರ್ಷ ಓದಿದ್ದು ಸಾಲದೇ.

ನಲ್ಲಿ ನಿಂತಿತು. ಕೈ ಒರೆಸಿಕೊಳ್ಳುತ್ತಿದ್ದೀಯ. ನೀನು ಈಚೆ ಬರುವ ಮೊದಲೇ ನಾನೇ ಅಲ್ಲಿಗೆ –